ತಕ್ಕಡಿಯಿಂದ ಕಂಪ್ಯೂಟರಿಗೆ ಒಂದು ತಂತಿ

ನೂಲಿನ ಗಿರಣಿಯ ಲ್ಯಾಬಿಗೆ ಹೊಸದಾಗಿ ಸೇರುವವರಿಗೆ ಮೊದಲ ದಿನ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಇದು ಆರಾಮಿನ ಕೆಲಸ, ನೆರಳಲ್ಲಿ ಕೂತು ತೂಗುವುದು, ಬರೆಯುವುದು, ಅಷ್ಟೆ. ನನಗೂ ಹಾಗೇ ಹೇಳಿದ್ದರು. ನಂಬಬೇಡಿ. ತೂಗುವುದು ಆರಾಮಿನ ಕೆಲಸವೇ. ಬಂದ ತೂಕವನ್ನು ಬಂದ ಹಾಗೆ ಬರೆಯುವುದಿದೆಯಲ್ಲ, ಅದಕ್ಕಾಗಿ ನಾನು ಬೈಸಿಕೊಂಡಿದ್ದೇನೆ, ಲ್ಯಾಬಿನಿಂದ ಹೊರಬಿದ್ದಿದ್ದೇನೆ. ಅದೇ ಪ್ರಸಂಗ ನಾಳೆ ಮತ್ತೆ ಬಂದರೆ ಮತ್ತೆ ಅದನ್ನೇ ಮಾಡುತ್ತೇನೆ. ಯಾವ ವರ್ಷ ನನಗೆ ಯಾವ ಬಡ್ತಿ ಸಿಕ್ಕಿತು ಎಂಬುದರಲ್ಲಿ ನಿಮಗೆ ಕಲಿಯುವಂಥದ್ದೇನೂ ಇಲ್ಲ. ಅದನ್ನು ಬಿಟ್ಟು ಬರೆಯುತ್ತೇನೆ.

ನಮ್ಮ ಗಿರಣಿ ಸೋಲಾಪುರದಲ್ಲಿ, ಅಕ್ಕಲಕೋಟ ರಸ್ತೆಯ ಮೇಲಿತ್ತು. ನಾನು ವಳಸಂಗದಿಂದ ಎಸ್‌ಟಿ ಬಸ್ಸಿನಲ್ಲಿ ಬರುತ್ತಿದ್ದೆ. ಊರಲ್ಲಿ ನಮ್ಮದು ಹೊಲ ಇದ್ದ ಮನೆತನ. ಬಿ.ಎಸ್ಸಿ. ಮುಗಿಸಿದ ಹುಡುಗಿ ಗಿರಣಿಗೆ ಹೋಗುತ್ತಾಳೆ ಎಂದು ಕೇಳಿ ನಮ್ಮ ಕಾಕಾ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದರು. "ಪಾಟೀಲರ ಮನಿ ಹುಡಿಗಿ ಅಳ್ಳಿ ಬಳೀಲಿಕ್ಕೆ ಹೊಂಟಾಳ," ಅಂತ ಅವರ ಸಿಟ್ಟು. ಅಳ್ಳಿ ಅಂದರೆ ಹತ್ತಿ, ಬಳಿಯುವುದು ಅಂದರೆ ಗುಡಿಸುವುದು. ಅವರ ಪಾಲಿಗೆ ಗಿರಣಿಯಲ್ಲಿ ಬೇರೆ ಕೆಲಸವೇ ಇರಲಿಲ್ಲ.

ಕೆಲಸ ಹೀಗಿತ್ತು. ನೂಲು ತೆಗೆಯುವ ಉದ್ದನೆಯ ಯಂತ್ರಕ್ಕೆ ರಿಂಗ್ ಫ್ರೇಮ್ ಅನ್ನುತ್ತಾರೆ. ಪ್ರತಿ ಪಾಳಿಯಲ್ಲೂ ಪ್ರತಿ ಫ್ರೇಮಿನಿಂದ ನೂಲು ಸುತ್ತಿದ ಕೆಲವು ಬಾಬಿನ್ ತರಬೇಕು. ಆ ನೂಲನ್ನು ಅಳತೆಯ ರಾಟೆಗೆ ಸುತ್ತಿ ನೂರಿಪ್ಪತ್ತು ಗಜದ ಲಡಿ ಮಾಡಬೇಕು. ಲಡಿಯನ್ನು ತೂಗಬೇಕು. ಟಾವೆಲ್ಲಿಗೆ ಹೋಗುವುದು ಇಪ್ಪತ್ತರ ನೂಲು (ನಂಬರು ಇಳಿದಷ್ಟೂ ನೂಲು ದಪ್ಪ), ಅದರ ಲಡಿ 3.24 ಗ್ರಾಂ ಇರಬೇಕು. ಹೆಚ್ಚಾದರೆ ನೂಲು ದಪ್ಪ, ಕಡಿಮೆಯಾದರೆ ತೆಳು. ದಪ್ಪ ತೆಳು ಬೆರೆತರೆ ನೇಯ್ದ ಟಾವೆಲ್ಲಿನಲ್ಲಿ ಪಟ್ಟೆ ಮೂಡುತ್ತದೆ, ಬಣ್ಣ ಹಾಕಿದ ಮೇಲೆ ಇನ್ನೂ ಎದ್ದು ಕಾಣುತ್ತದೆ.

ತೂಕ ಬರೆಯಲು ಎರಡು ಪುಸ್ತಕ ಇದ್ದವು. ತಕ್ಕಡಿಯ ಪಕ್ಕದಲ್ಲಿ ಕಚ್ಚಾ ಪುಸ್ತಕ, ಕಪಾಟಿನಲ್ಲಿ ಪಕ್ಕಾ ರಜಿಸ್ಟರ್. ಕಚ್ಚಾದಲ್ಲಿ ಬಂದದ್ದನ್ನು ಬರೆಯುವುದು, ಸಂಜೆ ಅದನ್ನು ಪಕ್ಕಾದಲ್ಲಿ ಇಳಿಸುವುದು. ನಮ್ಮ ಲ್ಯಾಬಿನ ಮುಖ್ಯಸ್ಥರು ಕುಲಕರ್ಣಿ ಸರ್, ಅಕ್ಕಲಕೋಟದವರು, ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ನಾನು ಸೇರಿದ ಮೊದಲ ವಾರವೇ ಪಕ್ಕಾ ರಜಿಸ್ಟರ್ ತೆರೆದು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು.

"ಶೋಭಾ, ಇಲ್ಲಿ ಮೂರು ಮೂವತ್ತು ಅಂತ ಬರದ್ರ ಸಾಹೇಬ್ರಿಗೆ ತಲಿಬ್ಯಾನಿ. ಅವರು ನಮಗ ತಲಿಬ್ಯಾನಿ ಕೊಡ್ತಾರ. ಒಂದೀಟ ಗೆರಿಗೆ ತಂದು ಬರಿಯವ್ವಾ."

ಗೆರೆಗೆ ತರುವುದು ಅಂದರೆ 3.30 ಬಂದದ್ದನ್ನು 3.25 ಅಂತಲೋ 3.24 ಅಂತಲೋ ಇಳಿಸುವುದು. ಆರು ವರ್ಷ ನಾನೂ ಗೆರೆಗೆ ತಂದೆ. ಪುಟದ ಕೆಳಗೆ ನನ್ನ ಸಹಿ ಹಾಕಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ನನ್ನನ್ನು ದೊಡ್ಡ ಸತ್ಯವಂತೆ ಎಂದು ಯಾರೂ ತಿಳಿಯಬಾರದು.

ಕಚ್ಚಾ ಪುಸ್ತಕವೂ ಪೂರ್ತಿ ನೆಟ್ಟಗಿರಲಿಲ್ಲ. ಲಡಿ ತೂಗುವ ಸಹಾಯಕಿ ಮರಾಠಿಯಲ್ಲಿ ಅಂಕಿ ಕೂಗುತ್ತಿದ್ದಳು, ನಾನು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷ್ ಅಂಕಿಯಲ್ಲಿ ಬರೆಯುತ್ತಿದ್ದೆ. ಮರಾಠಿಯಲ್ಲಿ ಇಪ್ಪತ್ತೈದು ಅಂದರೆ ಪಂಚವೀಸ, ಐದು ಮೊದಲು, ಇಪ್ಪತ್ತು ಆಮೇಲೆ. ಮಧ್ಯಾಹ್ನ ರೊಟ್ಟಿ ತಿಂದು ಕೂತ ಹೊತ್ತಿನಲ್ಲಿ ನನ್ನ ಕೈ ಐದನ್ನೇ ಮೊದಲು ಬರೆದುಬಿಡುತ್ತಿತ್ತು. 3.25 ಇದ್ದದ್ದು 3.52 ಆಗುತ್ತಿತ್ತು. ಆಮೇಲೆ ಯಾವುದು ತಪ್ಪು, ಯಾವುದು ನಿಜವಾಗಿ ದಪ್ಪ ನೂಲು ಎಂದು ತಲೆ ಕೆರೆದುಕೊಳ್ಳುವುದು.

ತೊಂಬತ್ತರ ದಶಕದ ನಡುವೆ ಲ್ಯಾಬಿಗೆ ಹೊಸ ಎಲೆಕ್ಟ್ರಾನಿಕ್ ತಕ್ಕಡಿ ಬಂತು. ಅದರ ಬೆನ್ನಿನಲ್ಲಿ ರಬ್ಬರ್ ಮುಚ್ಚಳ ಹಾಕಿದ ಪಿನ್ನುಗಳ ಒಂದು ಜಾಗ ಇತ್ತು. ಜೊತೆಗೆ ಬಂದ ಪುಸ್ತಿಕೆ ಓದಿದೆ: ಅದು ಸೀರಿಯಲ್ ಪೋರ್ಟ್, ಅಲ್ಲಿಂದ ತಂತಿ ಎಳೆದರೆ ತೂಕ ನೇರವಾಗಿ ಕಂಪ್ಯೂಟರಿಗೆ ಹೋಗುತ್ತದೆ. ಪುಸ್ತಿಕೆಯ ಹಿಂದಿನ ಚೀಲದಲ್ಲಿ ಒಂದು ಫ್ಲಾಪಿಯೂ ಇತ್ತು. ಅದರಲ್ಲಿದ್ದ ಸಣ್ಣ ಪ್ರೋಗ್ರಾಮ್, ತಂತಿಯಲ್ಲಿ ಬಂದ ಅಂಕಿಯನ್ನು ಯಾರೋ ಕೀಬೋರ್ಡಿನಲ್ಲಿ ಒತ್ತಿದರೆಂದು ಕಂಪ್ಯೂಟರಿಗೆ ನಂಬಿಸುತ್ತಿತ್ತು. ಸ್ಪ್ರೆಡ್‌ಶೀಟ್ ತೆರೆದಿಟ್ಟರೆ ಅಂಕಿ ತಾನೇ ಅದರ ಚೌಕದ ಮನೆಯಲ್ಲಿ ಬಂದು ಕೂರಬೇಕು. ಲ್ಯಾಬಿನ ಮೂಲೆಯಲ್ಲಿ ಪತ್ರ ಟೈಪ್ ಮಾಡಲು ಬಿಟ್ಟರೆ ಯಾತಕ್ಕೂ ಬಳಸದ ಒಂದು ಕಂಪ್ಯೂಟರ್ ಕಸೂತಿ ಬಟ್ಟೆ ಹೊದ್ದು ಕೂತಿತ್ತು.

ಕುಲಕರ್ಣಿ ಸರ್ ಹೆದರಿದರು. ಗಿರಣಿಯ ನೂಲಿನ ವಿಭಾಗವೆಲ್ಲ ಶಿಂದೆ ಸಾಹೇಬರ ಕೈಯಲ್ಲಿತ್ತು. ಅವರು ಏನನ್ನುತ್ತಾರೋ ಎಂಬ ಅಂಜಿಕೆ.

"ಕಚ್ಚಾಕ್ಕಷ್ಟ ಹಚ್ಚು ಹಂಗಾದ್ರ," ಎಂದರು ಕಡೆಗೆ. "ಪಕ್ಕಾ ಮಾತ್ರ ಕೈಲೇನಽ ಇರ್ಲಿ."

ನನಗೆ ಅಷ್ಟೇ ಸಾಕಿತ್ತು. ಆಗ ಬರೆಯುವ ಕೆಲಸ ಕಡಿಮೆಯಾದರೆ ಸಂಜೆಯ ಬಸ್ಸು ತಪ್ಪುವುದಿಲ್ಲ ಎಂಬುದರ ಆಚೆ ನಾನೇನೂ ಯೋಚಿಸಿರಲಿಲ್ಲ.

ಗಿರಣಿಯ ಎಲೆಕ್ಟ್ರಿಶಿಯನ್ ರಫೀಕ್ ಭಾಯಿ ತಂತಿ ಬೆಸೆದುಕೊಟ್ಟರು. ಹಚ್ಚಿ ತಕ್ಕಡಿಯ ಗುಂಡಿ ಒತ್ತಿದೆ. ಪರದೆಯ ಮೇಲೆ ಏನೂ ಇಲ್ಲ. ಮತ್ತೆ ಒತ್ತಿದೆ. ಇಲ್ಲ. ರಫೀಕ್ ಭಾಯಿ ಪುಸ್ತಿಕೆಯ ಚಿತ್ರ ನೋಡಿ ಹಣೆ ಬಡಿದುಕೊಂಡರು.

"ತಪ್ಪಾತ್ರಿ ಅಕ್ಕಾ. ಹೇಳೋ ಪಿನ್ನಿಗೆ ಹೇಳೋ ಪಿನ್ನಽ ಹಚ್ಚೀನಿ. ಇಬ್ಬರೂ ಬಾಯಿಗೆ ಬಾಯಿ ಹಚ್ಚಿ ಕುಂತ್ರ ಕೇಳೋರ್ಯಾರು? ಇದರ ಬಾಯಿ ಅದರ ಕಿವಿಗೆ ಹಚ್ಚಬೇಕು."

ತಂತಿ ಬಿಚ್ಚಿ ಅದಲು ಬದಲು ಮಾಡಿದರು. ಈ ಸಲ ಏನೋ ಬಂತು, ಆದರೆ ಅಂಕಿಯಲ್ಲ: ಚುಕ್ಕಿ, ಗೆರೆ, ನಗುವ ಮುಖ, ಏನೇನೋ. ತಕ್ಕಡಿ ನಿಧಾನವಾಗಿ ಕಳಿಸುತ್ತಿತ್ತು, ಕಂಪ್ಯೂಟರ್ ಅವಸರದಲ್ಲಿ ಕೇಳುತ್ತಿತ್ತು. ಎರಡರ ವೇಗವನ್ನೂ ಒಂದೇ ಮಾಡಿಟ್ಟ ಮೇಲೆ, ಮಂಗಳವಾರ ಮಧ್ಯಾಹ್ನ, ಯಾರೂ ಕೀಬೋರ್ಡ್ ಮುಟ್ಟದೆ ಪರದೆಯ ಚಿಕ್ಕ ಮನೆಯೊಳಗೆ 3.26 ಎಂದು ಮೂಡಿತು. ನಾನು ಕುರ್ಚಿಯಿಂದ ಎದ್ದು ನಿಂತೆ. ಯಾರೂ ಕೂಗಲಿಲ್ಲ, ಯಾರೂ ಕೇಳಿಸಿಕೊಳ್ಳಲಿಲ್ಲ, ಯಾರೂ ಬರೆಯಲಿಲ್ಲ. ಆ ಅಂಕಿ ಮರಾಠಿಯೂ ಆಗಿರಲಿಲ್ಲ, ಕನ್ನಡವೂ ಆಗಿರಲಿಲ್ಲ.

ಮರುದಿನವೇ ಒಂದು ಪೇಚಾಟ. ಕಾಲಂ ತುಂಬಿದ ಮೇಲೆ ಮೊತ್ತ ಕೇಳಿದರೆ ಸೊನ್ನೆ ಅನ್ನುತ್ತಿತ್ತು. ತಕ್ಕಡಿ ಅಂಕಿಯ ಹಿಂದೆ ಗ್ರಾಮಿನ ಅಕ್ಷರವನ್ನೂ ಕಳಿಸುತ್ತಿತ್ತು, ಹಾಗಾಗಿ ಸ್ಪ್ರೆಡ್‌ಶೀಟ್ ಅದನ್ನು ಅಂಕಿ ಎಂದು ಒಪ್ಪದೆ ಅಕ್ಷರ ಎಂದೇ ಇಟ್ಟುಕೊಂಡಿತ್ತು. ಇದು ಸಣ್ಣ ಪೇಚು, ಎರಡು ದಿನದಲ್ಲಿ ಬಗೆಹರಿಯಿತು. ನಾನು ಮಾಡಿದ ದೊಡ್ಡ ತಪ್ಪು ಬೇರೆ ಇದೆ.

ಪ್ರತಿ ಲಡಿಗೆ ಗುಂಡಿ ಒತ್ತುವುದು ಬೇಸರ ಬಂದು, ತಕ್ಕಡಿ ತಾನೇ ಒಂದೇ ಸಮನೆ ಕಳಿಸುವಂತೆ ಮಾಡಿದೆ. ಮೇಲೆ ಫ್ಯಾನ್ ತಿರುಗುತ್ತಿತ್ತು. ಲಡಿ ಇಟ್ಟ ಕ್ಷಣದಲ್ಲಿ ಅಂಕಿ ಏರಿಳಿದು ಆಮೇಲೆ ನಿಲ್ಲುತ್ತದೆ. ನಿಲ್ಲುವ ಮೊದಲಿನ ಅಂಕಿಗಳೂ ಶೀಟಿನೊಳಗೆ ಹೋದವು. ಸರಾಸರಿ ನೋಡಿ ಮೂರನೆಯ ನಂಬರಿನ ಫ್ರೇಮಿನಲ್ಲಿ ನೂಲು ತೆಳ್ಳಗೆ ಬರುತ್ತಿದೆ ಎಂದು ನಾನು ಬರೆದುಕೊಟ್ಟೆ. ಇಡೀ ಪಾಳಿ ಆ ಫ್ರೇಮ್ ನಿಂತಿತು. ಫಿಟ್ಟರುಗಳು ಬಿಚ್ಚಿ ನೋಡಿದರು, ಏನೂ ತಪ್ಪಿರಲಿಲ್ಲ.

ಶಿಂದೆ ಸಾಹೇಬರು ಲ್ಯಾಬಿನ ಬಾಗಿಲಲ್ಲಿ ನಿಂತು, ಒಳಗೆ ಬರದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಕಾಯ ಬಾಯಿ, ನಿಮ್ಮ ಕಂಪ್ಯೂಟರ್ ಈಗ ನನಗ ಸೂತ ತಗಿಯೂದು ಕಲಿಸ್ತದೇನು?"

ಕಾಯ ಅಂದರೆ ಏನು, ಬಾಯಿ ಅಂದರೆ ಅಮ್ಮಾ, ಸೂತ ಅಂದರೆ ನೂಲು: ಮರಾಠಿ ಬೆರೆಸಿಯೇ ಅವರು ಕನ್ನಡ ಮಾತಾಡುತ್ತಿದ್ದರು. ಆ ಶೀಟನ್ನು ಮುದ್ರಿಸಿ, ತಪ್ಪು ಅಂಕಿಗಳಿಗೆ ಕೆಂಪು ಗೆರೆ ಎಳೆದು, "ಇದು ನನ್ನ ತಪ್ಪು" ಎಂದು ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದೆ. ಮೂರನೆಯ ಫ್ರೇಮಿನ ಕೆಲಸದ ಹೆಣ್ಣುಮಕ್ಕಳ ಬಳಿ ಹೋಗಿ ಕ್ಷಮೆ ಕೇಳಿದೆ. ಫೋಟೋಕ್ಕೆ ಕಟ್ಟು ಹಾಕುವವನಿಂದ ಗಾಜು ತರಿಸಿ ತಕ್ಕಡಿಯ ಸುತ್ತ ಪೆಟ್ಟಿಗೆ ಮಾಡಿಸಿದೆ, ಗುಂಡಿ ಒತ್ತದೆ ಒಂದಂಕಿಯೂ ಹೋಗದಂತೆ ಮಾಡಿದೆ. ಅಂದಿನಿಂದ ಆ ಶೀಟಿನ ಒಂದೊಂದು ಅಂಕಿಗೂ ನಾನು ಎದೆ ಕೊಟ್ಟು ನಿಲ್ಲಬಲ್ಲೆ ಎಂಬ ಧೈರ್ಯ ಬಂತು. ತಪ್ಪು ಮಾಡಿದವರಿಗೆ ಬರುವ ಧೈರ್ಯ ಅದು.

ಅದು ಬೇಗನೆ ಬೇಕಾಯಿತು.

ಒಂದು ಟಾವೆಲ್ ಕಾರಖಾನೆಯಿಂದ ತಕರಾರು ಬಂತು. ನಮ್ಮ ನೂಲಿನಿಂದ ನೇಯ್ದ ಟಾವೆಲ್ಲಿನಲ್ಲಿ ಪಟ್ಟೆ. ನೂಲಿನ ಪೆಟ್ಟಿಗೆಯ ಚೀಟಿ ನೋಡಿದರೆ ಏಳನೆಯ ಫ್ರೇಮಿನದು. ಆ ಫ್ರೇಮಿನ ಹಗಲು ಪಾಳಿಯವಳು ಮಹಾದೇವಿ, ಹೋಟಗಿಯವಳು. ಗಂಡ ರೈಲ್ವೆಯಲ್ಲಿ ಗ್ಯಾಂಗಿನ ಕೆಲಸದಲ್ಲಿದ್ದು ತೀರಿಕೊಂಡ ಮೇಲೆ ಗಿರಣಿಗೆ ಬಂದವಳು. ಶಿಂದೆ ಸಾಹೇಬರು ಎರಡೇ ದಿನದಲ್ಲಿ ತೀರ್ಮಾನಿಸಿದರು: ಪಕ್ಕದ ಫ್ರೇಮಿನಲ್ಲಿ ಹದಿನೆಂಟರ ದಪ್ಪ ನೂಲು ನಡೆಯುತ್ತಿದೆ, ಮಹಾದೇವಿ ಆ ಬಾಬಿನ್ ಈ ಬಾಬಿನ್ ಬೆರೆಸಿದ್ದಾಳೆ, ಕೆಲಸದಿಂದ ತೆಗೆಯಬೇಕು. ಚೌಕಶಿಗೆ, ಅಂದರೆ ವಿಚಾರಣೆಗೆ, ದಿನ ಗೊತ್ತಾಯಿತು. ಪುರಾವೆ ನಮ್ಮ ಪಕ್ಕಾ ರಜಿಸ್ಟರ್. ಅದರಲ್ಲಿ ಏಳನೆಯ ಫ್ರೇಮಿನ ತೂಕ ದಿನವೂ 3.24, 3.25. ಅಂದರೆ ಯಂತ್ರದಿಂದ ಸರಿಯಾದ ನೂಲೇ ಬಂದಿದೆ, ಆಮೇಲೆ ಕೈ ತಪ್ಪಿದೆ.

ಮಹಾದೇವಿ ಊಟದ ಹೊತ್ತಿಗೆ ಲ್ಯಾಬಿಗೆ ಬಂದಳು. ಅಳಲಿಲ್ಲ. ಸಿಟ್ಟಿನಲ್ಲಿದ್ದಳು.

"ಅಕ್ಕಾರ, ನನಗ ಅಕ್ಷರ ಬರೂದಿಲ್ಲ ಖರೆ. ಹದಿನೆಂಟರ ಬಾಬಿನ್ನಿಗೆ ಹಳದಿ ಬಣ್ಣ, ಇಪ್ಪತ್ತರದಕ್ಕ ಕೆಂಪು. ಹಳದಿ ಕೆಂಪು ತಿಳೀದಷ್ಟು ಕುರುಡಿ ಏನು ನಾನು? ನಿಮ್ಮ ಪುಸ್ತಕದಾಗ ಏನೈತಿ ಖರೆ ಹೇಳ್ರಿ."

ಆಕೆ ಹೋದ ಮೇಲೆ ನಾನು ಸ್ಪ್ರೆಡ್‌ಶೀಟ್ ತೆರೆದೆ. ಏಳನೆಯ ಫ್ರೇಮಿನ ಕಾಲಂ ಇಳಿಸುತ್ತ ಹೋದೆ. ಹದಿನೆಂಟರ ಲಡಿ 3.60 ತೂಗುತ್ತದೆ. ಬೆರೆತಿದ್ದರೆ ಹೆಚ್ಚಿನವು 3.24ರ ಸುತ್ತ ಇದ್ದು, ನಡುನಡುವೆ ಒಂದೊಂದು 3.60ಕ್ಕೆ ಜಿಗಿಯಬೇಕು. ಒಂದೂ ಜಿಗಿದಿರಲಿಲ್ಲ. ಒಂದು ಸೋಮವಾರದವರೆಗೆ ಎಲ್ಲವೂ 3.24ರ ಆಸುಪಾಸು. ಆ ಸೋಮವಾರದಿಂದ ಎಲ್ಲವೂ, ಮೂರೂ ಪಾಳಿಯಲ್ಲಿ, 3.32, 3.33. ಮಹಾದೇವಿ ತಂಗಿಯ ಮದುವೆಗೆ ರಜೆಯಲ್ಲಿದ್ದ ನಾಲ್ಕು ದಿನವೂ 3.32. ಆ ಸೋಮವಾರದ ಹಿಂದಿನ ದಿನ, ಭಾನುವಾರ, ಆ ಫ್ರೇಮ್ ದುರಸ್ತಿಗೆ ಬಿಚ್ಚಿದ್ದರು. ಆ ಕೆಲಸ ನಡೆದದ್ದು ಶಿಂದೆ ಸಾಹೇಬರ ಕಣ್ಣ ಮುಂದೆ.

ಅದೇ ದಿನಗಳ ಪಕ್ಕಾ ರಜಿಸ್ಟರ್ ತೆರೆದೆ. 3.24. 3.25. 3.24. ನನ್ನ ಅಕ್ಷರ. ನನ್ನ ಸಹಿ. ಒಂದೊಂದು ಲಡಿಯಲ್ಲೂ 0.08 ಗ್ರಾಂ ಒರೆಸಿ ಗೆರೆಗೆ ತಂದವಳು ನಾನೇ. ಆಕೆಯನ್ನು ಕೆಲಸದಿಂದ ತೆಗೆಯಲು ಹೊರಟ ಪುರಾವೆ ನಾನು ಬರೆದದ್ದು.

ಕುಲಕರ್ಣಿ ಸರ್‌ಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು. "ಇದನ್ನ ತೋರಿಸಿದ್ರ ಪಕ್ಕಾ ಸುಳ್ಳು ಅಂತ ಆಗ್ತದ. ಆರು ವರ್ಷದ್ದು. ನಿನ್ನ ನೌಕರಿನೂ ಹೋಗ್ತದ ಶೋಭಾ."

"ಆಕೀದು ಹೋಗಾಕತ್ತೈತಲ್ಲರಿ ಸರ್."

ಅವರು ಕನ್ನಡಕ ಹಾಕಿಕೊಂಡು ಮತ್ತೆ ಆ ಕಾಲಂ ಓದತೊಡಗಿದರು.

ಶಿಂದೆ ಸಾಹೇಬರ ಕಿವಿಗೆ ಹೇಗೆ ಬಿತ್ತೋ, ಚೌಕಶಿಯ ಹಿಂದಿನ ದಿನ ಕರೆಸಿದರು. ಕೂರಲು ಹೇಳಿದರು, ಚಹಾ ತರಿಸಿದರು. ಆಮೇಲೆ ನಯವಾಗಿ, "ಬಾಯಿ, ಆ ಫೈಲ್ ಡಿಲೀಟ್ ಮಾಡ್ರಿ. ಕಂಪ್ಯೂಟರ್ ಅಂದ್ರ ಹಂಗಽ, ಒಂದೊಂದ ಸಲ ಹಾರಿ ಹೋಗ್ತದ. ಯಾರೂ ಕೇಳೂದಿಲ್ಲ," ಎಂದರು.

"ಮಾಡೂದಿಲ್ಲರಿ ಸಾಹೇಬ್ರ," ಎಂದೆ. ಚಹಾದ ಕಪ್ಪು ಕೆಳಗಿಟ್ಟೆ. ಆ ಚಹಾ ಕುಡಿಯಲಿಲ್ಲ.

ಚೌಕಶಿ ಲೇಬರ್ ಆಫೀಸರರ ಕೋಣೆಯಲ್ಲಿ ನಡೆಯಿತು. ಮಹಾದೇವಿ ಗೋಡೆಗೆ ನಿಂತಿದ್ದಳು. ಶಿಂದೆ ಸಾಹೇಬರು ಪಕ್ಕಾ ರಜಿಸ್ಟರ್ ಮೇಜಿನ ಮೇಲಿಟ್ಟು ನನ್ನ ಸಹಿ ತೋರಿಸಿ, "ಇದು ನಿಮ್ಮದಽ ಏನು?" ಎಂದು ಕೇಳಿದರು.

"ನಂದಽ. ಇದು ಸುಳ್ಳು," ಎಂದೆ, ಮತ್ತು ಮುದ್ರಿಸಿ ತಂದಿದ್ದ ಹಾಳೆಗಳನ್ನು ಅದರ ಮೇಲಿಟ್ಟೆ. "ಇದು ಖರೆ."

ಲೇಬರ್ ಆಫೀಸರರು ನಾನು ಕುಡಿದು ಬಂದವಳೋ ಎಂಬಂತೆ ನೋಡಿದರು. ಶಿಂದೆ ಸಾಹೇಬರು ನಕ್ಕರು. ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಟೈಪ್ ಮಾಡಬಹುದು, ಇಬ್ಬರೂ ಕನ್ನಡದವರು, ಕೂಡಿ ಮಾಡಿದ್ದಾರೆ ಎಂದರು. ಸಹಿ ಇರುವ ರಜಿಸ್ಟರ್ ಸುಳ್ಳು, ಸಹಿ ಇಲ್ಲದ ಹಾಳೆ ಖರೆ, ಇದು ಯಾವ ನ್ಯಾಯ?

ಆಗ ಬಾಗಿಲ ಬಳಿ ಕೂತಿದ್ದ ಕುಲಕರ್ಣಿ ಸರ್ ಎದ್ದರು. ಕರೆದಿರಲಿಲ್ಲ, ಕೇಳಿರಲಿಲ್ಲ.

"ಹಾಳಿ ಖರೆ ಅದರಿ," ಎಂದರು. "ಗೆರಿಗೆ ತರೂದು ಆಕಿಗೆ ನಾನಽ ಕಲಿಸೀನಿ. ಆಕೀಗಿಂತ ಮೊದಲ ಬಂದವರಿಗೂ ನಾನಽ ಕಲಿಸೀನಿ."

ಇಷ್ಟು ಹೇಳಿ ಕೂತರು. ಅವರ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು.

ನಾನು ಲೇಬರ್ ಆಫೀಸರರಿಗೆ ಹೇಳಿದೆ: ನನ್ನ ಹಾಳೆಯನ್ನೂ ನಂಬಬೇಡಿ, ರಜಿಸ್ಟರನ್ನೂ ನಂಬಬೇಡಿ. ಏಳನೆಯ ಫ್ರೇಮಿನ ಕೊನೆಯಲ್ಲಿ ಗಿಯರಿನ ಮುಚ್ಚಳ ಇದೆ. ನೂಲು ಎಷ್ಟು ದಪ್ಪ ಬರಬೇಕು ಎಂಬುದು ಒಳಗಿನ ಒಂದು ಗಾಲಿಯ ಹಲ್ಲಿನ ಮೇಲೆ ನಿಂತಿದೆ, ಹಲ್ಲು ಹೆಚ್ಚಿದರೆ ನೂಲೂ ದಪ್ಪ. ಇಪ್ಪತ್ತರ ನೂಲಿಗೆ ಮೂವತ್ತೆಂಟು ಹಲ್ಲು ಎಂದು ಮುಚ್ಚಳದ ಮೇಲಿನ ಚೀಟಿಯಲ್ಲೇ ಬರೆದಿದೆ. ತೆಗೆದು ಎಣಿಸೋಣ.

ಶಿಂದೆ ಸಾಹೇಬರು ಉತ್ಪಾದನೆ ನಿಲ್ಲಿಸಲು ಆಗುವುದಿಲ್ಲ ಎಂದರು. ಲೇಬರ್ ಆಫೀಸರರು ಎದ್ದೇಬಿಟ್ಟರು.

ಫ್ರೇಮ್ ನಿಂತಿತು. ಫಿಟ್ಟರ್ ಮುಚ್ಚಳ ತೆಗೆದ. ಎಣಿಸಲು ಅವನು ಬಾಗಿದಾಗ ಮಹಾದೇವಿ ಅವನ ಹೆಗಲು ಸರಿಸಿ ಮುಂದೆ ಬಂದಳು. ಸೀಮೆಸುಣ್ಣದ ತುಂಡಿನಿಂದ ಒಂದು ಹಲ್ಲಿಗೆ ಗುರುತು ಹಾಕಿದಳು. ಎಣ್ಣೆ ಮೆತ್ತಿದ ಹಲ್ಲುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತ, ಜೋರಾಗಿ, ಕನ್ನಡದಲ್ಲಿ ಎಣಿಸಿದಳು. ಯಂತ್ರ ನಿಂತ ಆ ಸಾಲಿನಲ್ಲಿ ಅಕ್ಕಪಕ್ಕದ ಹೆಣ್ಣುಮಕ್ಕಳೆಲ್ಲ ಸೇರಿದ್ದರು. ಮೂವತ್ತಾರು. ಮೂವತ್ತೇಳು. ಮೂವತ್ತೆಂಟು. ಬೆರಳು ಇನ್ನೂ ಗುರುತಿನ ಹಲ್ಲಿಗೆ ಬಂದಿರಲಿಲ್ಲ.

"ಮೂವತ್ತೊಂಬತ್ತು," ಎಂದು ಮಹಾದೇವಿ ಶಿಂದೆ ಸಾಹೇಬರ ಮುಖ ನೋಡಿ ಹೇಳಿದಳು. "ಇನ್ನೊಮ್ಮಿ ಎಣಸ್ಲೇನ್ರಿ?"

ದುರಸ್ತಿಯ ದಿನ ಮೂವತ್ತೆಂಟು ಹಲ್ಲಿನ ಗಾಲಿಯ ಬದಲು ಮೂವತ್ತೊಂಬತ್ತರದು ತಪ್ಪಿ ಕೂತಿತ್ತು. ಒಂದು ಹಲ್ಲು ಹೆಚ್ಚು, ಅಷ್ಟೆ; ಆ ದಪ್ಪ ನೂಲು ಬೇರೆ ಫ್ರೇಮುಗಳ ನೂಲಿನ ಜೊತೆ ಮಗ್ಗಕ್ಕೆ ಹೋಗಿ ಪಟ್ಟೆ ಮೂಡಿಸಿತ್ತು.

ಮಹಾದೇವಿಯ ಕೆಲಸ ಉಳಿಯಿತು. ತಪ್ಪಾಯಿತು ಎಂದು ಯಾರೂ ಆಕೆಗೆ ಹೇಳಲಿಲ್ಲ. ಶಿಂದೆ ಸಾಹೇಬರು ಮಾರನೆಯ ದಿನವೇ ಲ್ಯಾಬಿಗೆ ಬಂದು ತಂತಿಯನ್ನು ಕಿತ್ತು ಕಸದ ಬುಟ್ಟಿಗೆ ಹಾಕಿಸಿದರು. ನನಗೆ ಸುಳ್ಳು ದಾಖಲೆ ಬರೆದ ತಪ್ಪಿಗೆ ಮೆಮೊ ಬಂತು. ಅದಕ್ಕೆ ನಾನು ಕೊಟ್ಟ ಉತ್ತರ ಇಷ್ಟೇ: "ಸುಳ್ಳು ಬರೆದದ್ದು ನಿಜ. ಆರು ವರ್ಷ ಬರೆದೆ, ಆಗ ಮೆಮೊ ಬರಲಿಲ್ಲ. ಈಗಿನ ಶಿಕ್ಷೆ ಸುಳ್ಳು ಬರೆದದ್ದಕ್ಕೋ, ಬರೆಯುವುದನ್ನು ನಿಲ್ಲಿಸಿದ್ದಕ್ಕೋ, ದಯವಿಟ್ಟು ತಿಳಿಸಿ." ನನ್ನನ್ನು ಹತ್ತಿಯ ಗೋದಾಮಿಗೆ ಹಾಕಿದರು. ಅಲ್ಲಿ ಬೇಲುಗಳ ನಡುವೆ ಮೂಗಿಗೆ ಸೆರಗು ಕಟ್ಟಿಕೊಂಡು ಎಂಟು ತಿಂಗಳು ಕಳೆದೆ. ನಮ್ಮ ಕಾಕಾ ಹೇಳಿದ್ದ ಅಳ್ಳಿ ಬಳಿಯುವ ಕೆಲಸ ಇದೇ ಇರಬೇಕು ಅನ್ನಿಸಿ ಒಮ್ಮೊಮ್ಮೆ ನಗು ಬರುತ್ತಿತ್ತು. ಕೆಮ್ಮೂ ಬರುತ್ತಿತ್ತು. ಅದು ಇಂದಿಗೂ ಪೂರ್ತಿ ಹೋಗಿಲ್ಲ.

ಆಮೇಲೆ ನೂಲು ಕೊಳ್ಳುವವರೇ ಬದಲಾದರು. ದೂರದ ಊರಿಗೆ ಟಾವೆಲ್ ಕಳಿಸುವ ಕಾರಖಾನೆಗಳು ಕೈಬರಹದ ಕಾಗದ ಬೇಡ, ತಕ್ಕಡಿಯಿಂದ ನೇರ ಬಂದ ಅಂಕಿಯೇ ಬೇಕು ಎಂದು ಪಟ್ಟು ಹಿಡಿದವು. ಗಿರಣಿಯಲ್ಲಿ ಆ ತಂತಿ ಹಚ್ಚಲು ಬಲ್ಲವರು ಇಬ್ಬರೇ, ನಾನು ಮತ್ತು ರಫೀಕ್ ಭಾಯಿ. ಮೇಲಿನವರು ಕರೆಸಿ ಲ್ಯಾಬಿಗೆ ಹೋಗು ಎಂದರು. ಪಕ್ಕಾ ರಜಿಸ್ಟರ್ ಕಪಾಟಿನಿಂದ ಹೊರಗೆ ಹೋದ ದಿನ ನಾನು ಒಳಗೆ ಬರುತ್ತೇನೆ ಎಂದೆ. ಇನ್ನೊಂದು ವಾರ ಗೋದಾಮಿನಲ್ಲೇ ಕಳೆದೆ. ಎಂಟನೆಯ ದಿನ ಜವಾನನೊಬ್ಬ ರಜಿಸ್ಟರುಗಳನ್ನು ಕೈಗಾಡಿಯಲ್ಲಿ ತುಂಬಿಕೊಂಡು ಗೋದಾಮಿನ ಮುಂದೆಯೇ ತಳ್ಳಿಕೊಂಡು ಹೋದ, ನನಗೆ ಕಾಣಲಿ ಎಂದು ಬೇಕಂತಲೇ ಆ ದಾರಿಯಲ್ಲಿ ಕಳಿಸಿದ್ದರು ಅಂತ ಕಾಣುತ್ತದೆ.

ಲ್ಯಾಬಿಗೆ ಮರಳಿದ ಎರಡನೆಯ ವಾರ ಶಿಂದೆ ಸಾಹೇಬರು ಬಂದರು. ಈ ಸಲ ಒಳಗೆ ಬಂದು ಪರದೆಯ ಮುಂದೆ ನಿಂತರು. ಐದನೆಯ ಫ್ರೇಮಿನ ಕಾಲಂನಲ್ಲಿ 3.31, 3.32 ಎಂದು ಸಾಲಾಗಿ ಕೂತಿದ್ದವು. ದನಿ ಇಳಿಸಿ ಕೇಳಿದರು:

"ಇವತ್ತಿನದು ಕೊಳ್ಳೋ ಪಾರ್ಟಿಗೆ ಹೋಗಬೇಕು, ಬಾಯಿ. ಇದನ್ನ ಒಂದೀಟ ಮೂರು ಇಪ್ಪತ್ನಾಲ್ಕ ಮಾಡಲಿಕ್ಕೆ ಬರೂದಿಲ್ಲೇನು?"

"ಯಾಕ ಬರೂದಿಲ್ಲರಿ ಸಾಹೇಬ್ರ, ಬರ್ತದ," ಎಂದೆ. "ಗಾಲಿ ಬದಲಿ ಮಾಡ್ರಿ. ಅಂಕಿ ತಾನಽ ಬದಲಿ ಆಗ್ತದ."

ಅವರು ನನ್ನನ್ನು ನೋಡಲಿಲ್ಲ. ಮೇಜಿನ ಮೇಲಿನ ಫೋನ್ ಎತ್ತಿ ಫಿಟ್ಟರನನ್ನು ಐದನೆಯ ಫ್ರೇಮಿಗೆ ಕರೆದರು.